ಅಮಾವಾಸ್ಯೆ ಆಟದ ಕಳ್ಳರು

ನನಗೊಂದು ಕೆಟ್ಟ ಚಾಳಿಯಿದೆ. ಟಿವಿಯಲ್ಲಿ ಸಿನಿಮಾ ಹಚ್ಚಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಪರದೆಯ ಮೇಲಿನವರು ಒಂದು ಮಾತಾಡಿದರೆ ಅದರ ಅರ್ಥವನ್ನು ನಾನು ಪಕ್ಕದವರಿಗೆ ಹೇಳಲೇಬೇಕು. ಹಿಂದಿ ಸಿನಿಮಾಕ್ಕೆ ಹೇಳಿದರೆ ಹೋಗಲಿ ಅನ್ನಬಹುದು, ನಾನು ಕನ್ನಡದ್ದಕ್ಕೂ ಹೇಳುತ್ತೇನೆ. ಮೊನ್ನೆ ಮೊಮ್ಮಗಳು ರಿಮೋಟು ಕೆಳಗಿಟ್ಟು, "ಆಯಿ, ಅವ ಕನ್ನಡದಾಗನ ಮಾತಾಡಾಕತ್ತಾನ. ನೀ ಮತ್ತ ಯಾಕ ಅರ್ಥ ಹೇಳ್ತಿ?" ಎಂದು ಕೇಳಿದಳು. "ಅವ ಅಂದದ್ದು ಸಾಲಂಗಿಲ್ಲ, ಅದಕ್ಕ" ಎಂದೆ. ಅವಳು ಟಿವಿಯ ದನಿ ಏರಿಸಿದಳು.

ಇನ್ನೊಂದು ಚಾಳಿ ಇದಕ್ಕಿಂತ ಕೆಟ್ಟದ್ದು. ಸಿನಿಮಾದಲ್ಲಿ ಕಳ್ಳ ಸಿಕ್ಕಿಬಿದ್ದರೆ ನನಗೆ ಅಳು ಬರುತ್ತದೆ. ಅದರಲ್ಲೂ ಆ ಕಳ್ಳನ ಬೆನ್ನ ಹಿಂದೆ ಒಂದು ಕೂಸಿದ್ದರೆ ಮುಗಿದೇ ಹೋಯಿತು, ಸೆರಗೆಲ್ಲ ಒದ್ದೆ. ನಿಜವಾದ ಕಳ್ಳರ ಮೇಲೆ ನನಗೆ ಇಂಥ ಕನಿಕರವೇನೂ ಇಲ್ಲ. ಹೋದ ವರ್ಷ ಹಿತ್ತಿಲಿನಿಂದ ತಾಮ್ರದ ಹಂಡೆ ಹೊತ್ತುಕೊಂಡು ಹೋದವನಿಗೆ ನಾನು ಹಾಕಿದ ಶಾಪಗಳನ್ನು ಅಚ್ಚಿಗೆ ಕೊಡುವ ಹಾಗಿಲ್ಲ.

ಈ ಎರಡೂ ಚಾಳಿಗಳು ನನಗೆ ಒಬ್ಬನೇ ಮನುಷ್ಯನಿಂದ ಅಂಟಿದವು. ಅವನ ಹೆಸರು ಸಂಗಪ್ಪ. ಬನಹಟ್ಟಿಯ ನೇಕಾರ. ಅವನನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ, ಅವನು ನನಗೆ ಕಾಕಾ ಅಲ್ಲದಿದ್ದರೂ.

ಸಂಸ್ಥಾನಗಳ ಆಳಿಕೆ ಮುಗಿದು ನಮ್ಮ ಕಡೆಯ ಊರುಗಳೆಲ್ಲ ಮುಂಬೈ ರಾಜ್ಯಕ್ಕೆ ಸೇರಿದ್ದ ಹೊಸತು. ನನ್ನ ಹೆತ್ತಪ್ಪ ಶಿವಪ್ಪ ತೇರದಾಳದವನು. ನನಗೆ ನಾಲ್ಕು ವರ್ಷವಿದ್ದಾಗ ಜ್ವರ ಬಂದು ತೀರಿಕೊಂಡ. ಅವನ ಮುಖ ನನಗೆ ನೆನಪಿರಲಿಲ್ಲ, ಆದರೆ ಯಾರು ಕೇಳಿದರೂ ನೆನಪಿದೆ ಎಂದೇ ಹಟ ಹಿಡಿಯುತ್ತಿದ್ದೆ. ಅವ್ವ ನನ್ನನ್ನು ಕರೆದುಕೊಂಡು ಬನಹಟ್ಟಿಯ ತವರಿಗೆ ಬಂದಳು. ಮೂರು ವರ್ಷ ಬಿಟ್ಟು ಹಿರಿಯರು ಅವಳಿಗೆ ಉಡಿಕಿ ಮಾಡಿದರು. ಗಂಡ ಸತ್ತವಳು ಮತ್ತೊಬ್ಬನ ಮನೆ ತುಂಬುವುದಕ್ಕೆ ನಮ್ಮಲ್ಲಿ ಉಡಿಕಿ ಅನ್ನುತ್ತಿದ್ದರು. ಬಾಜಾ ಇಲ್ಲ, ಮೆರವಣಿಗೆ ಇಲ್ಲ, ಹೊಸ ಸೀರೆ ಉಡಿಸಿ ಉಡಿ ತುಂಬಿದರೆ ಆಯಿತು. ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದ, ಮಕ್ಕಳಿಲ್ಲದ ಸಂಗಪ್ಪನ ಮನೆಗೆ ಅವ್ವ ಹೋದಳು. ಅವ್ವನ ಸೆರಗು ಹಿಡಿದು ನಾನೂ ಹೋದೆ.

ನಾನು ಹೋದದ್ದು ಒಂದು ಕರಾರಿನ ಮೇಲೆ. ನಮ್ಮಲ್ಲಿ ಉಡಿಕಿಯಾದವಳ ಹಿಂದಿನ ಕೂಸು ಸತ್ತ ಗಂಡನ ಮನೆತನಕ್ಕೇ ಸೇರಿದ್ದು. ತೇರದಾಳದಿಂದ ಬಂದಿದ್ದ ದೊಡ್ಡಪ್ಪ, ನನ್ನ ಹೆತ್ತಪ್ಪನ ಅಣ್ಣ ಮಲ್ಲಪ್ಪ, ಅದನ್ನು ಹಿರಿಯರ ಮುಂದೆ ಹೇಳಿಯೇ ಎದ್ದಿದ್ದ. "ಹುಡಿಗಿ ಇನ್ನಾ ಸಣ್ಣದು. ನಾಕನೇ ಇಯತ್ತೆ ಮುಗಿಯೂತನಕ ಅವ್ವನ ಕಡೆ ಇರಲಿ. ಆಮ್ಯಾಲ ನಾವು ಒಯ್ತೇವಿ." ಯಾರೂ ಬೇಡ ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ. ನಾನಾಗ ಸಾಲೆಯಲ್ಲಿ ಎರಡನೆಯ ಇಯತ್ತೆ. ಹುಡುಗರೆಲ್ಲ ಪಾಸಾದರೆ ಕುಣಿಯುತ್ತಿದ್ದರು, ನಾನು ಪಾಸಾದಾಗಲೆಲ್ಲ ಉಳಿದ ಇಯತ್ತೆಗಳನ್ನು ಬೆರಳು ಮಡಚಿ ಎಣಿಸುತ್ತಿದ್ದೆ. ನಾಲ್ಕನೆಯದರಲ್ಲಿ ನಪಾಸಾಗಬೇಕೆಂದು ಆಗಲೇ ನಿರ್ಧಾರ ಮಾಡಿಟ್ಟಿದ್ದೆ.

ಅವ್ವ ದಿನಾ ಗೋಗರೆಯುತ್ತಿದ್ದಳು. "ಅವರಿಗೆ ಒಮ್ಮೆರ ಅಪ್ಪಾ ಅನ್ನ ಬೇ. ಅಂದ್ರ ನಾಲಿಗಿ ಏನ ಸವೀತೈತಿ?" ನಾನು ಅನ್ನಲಿಲ್ಲ. ಎರಡು ವರ್ಷಕ್ಕೆ ಬಿಟ್ಟು ಹೋಗುವ ಮನೆಯಲ್ಲಿ ಅಪ್ಪನನ್ನು ಮಾಡಿಕೊಂಡು ಏನು ಮಾಡುವುದು? ಕಡೆಗೆ ಕಾಕಾ ಎಂಬಲ್ಲಿಗೆ ರಾಜಿಯಾಯಿತು. ನಮ್ಮ ಕಡೆ ಹೆತ್ತಪ್ಪನಿಗೆ ನೀ ಅನ್ನುತ್ತೇವೆ, ಪರರಿಗೆ ರೀ ಹಚ್ಚುತ್ತೇವೆ. ನಾನು ಅವನಿಗೆ ರೀ ಹಚ್ಚಿಯೇ ಮಾತಾಡುತ್ತಿದ್ದೆ. ಓಣಿಯವರು ನನ್ನನ್ನು ಬಲು ಮರ್ಯಾದಸ್ಥ ಹುಡುಗಿ ಎಂದು ಹೊಗಳುತ್ತಿದ್ದರು.

ಇನ್ನು ಆ ಮನುಷ್ಯನೋ, ಮಾತನ್ನು ಉಪ್ಪಿನಂತೆ ಬಳಸುವವನು. ಬೆಳಗಾದರೆ ಮಗ್ಗದ ಕುಣಿಗೆ ಇಳಿದ ಅಂದರೆ ಹೊತ್ತು ಮುಳುಗುವವರೆಗೆ ಲಾಳಿಯ ಸಪ್ಪಳವೇ ಹೊರತು ಅವನ ದನಿಯಿಲ್ಲ. ಅವ್ವ ಏನು ಕೇಳಿದರೂ ಒಂದು "ಹೂಂ", ಒಂದು "ಆತು". ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆಗಳನ್ನು ಸುತ್ತಿಕೊಡುವುದು ನನ್ನ ಕೆಲಸ. ಕಂಡಿಕೆ ಮುಗಿದರೆ ಅವನು ಕೂಗುತ್ತಿರಲಿಲ್ಲ, ಮಗ್ಗದ ಕಟ್ಟಿಗೆಗೆ ಬೆರಳಿನಿಂದ ಎರಡು ಸಲ ಬಡಿಯುತ್ತಿದ್ದ. ನಾನು ಬುಟ್ಟಿ ಒಯ್ದು ಇಡುತ್ತಿದ್ದೆ. ತೇರದಾಳದ ಕರಾರಿನ ಮಾತು ಬಂದಾಗಲೂ ಅವನು ಒಂದು ದಿನ ಹೀಗಾಗಲಿ ಎಂದಿಲ್ಲ, ಹಾಗಾಗಲಿ ಎಂದಿಲ್ಲ. ನಾನು ಹೋದರೆ ಅವನಿಗೆ ಒಂದು ಊಟ ಉಳಿಯುತ್ತದೆ, ಅಷ್ಟೇ ಎಂದು ನಾನು ತಿಳಿದುಕೊಂಡಿದ್ದೆ.

ಈ ಮೂಗನಂಥ ಮನುಷ್ಯ ತಿಂಗಳಿಗೊಮ್ಮೆ ಹುಲಿಯಾಗುತ್ತಿದ್ದ. ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಮಗ್ಗಕ್ಕೆ ಯಾರೂ ಕೈ ಹಚ್ಚುತ್ತಿರಲಿಲ್ಲ. ಕಡುಬೋ ಹೋಳಿಗೆಯೋ ಉಂಡು, ಇಡೀ ಓಣಿ ಮಧ್ಯಾಹ್ನದ ಆಟಕ್ಕೆ ಹೊರಡುತ್ತಿತ್ತು. ಥೇಟರು ಅಂದರೆ ಒಂದು ತಗಡಿನ ಷೆಡ್ಡು. ಬಾಗಿಲಿಗೆ ಗೋಣಿಯ ತಟ್ಟು. ತಗಡಿನ ತೂತುಗಳಿಂದ ಬಿಸಿಲು ಇಳಿದು ಹೀರೋನ ಗಲ್ಲದ ಮೇಲೆ ಕಾಸಿನಗಲ ಕೂತಿರುತ್ತಿತ್ತು, ಹೊತ್ತು ಇಳಿದಂತೆ ಮೂಗಿನ ಮೇಲೆ. ಬರುತ್ತಿದ್ದವೆಲ್ಲ ಮುಂಬೈಯ ಹಿಂದಿ ಚಿತ್ರಗಳು. ನಮಗೆ ಮರಾಠಿ ಅಷ್ಟಿಷ್ಟು ತಿಳಿಯುತ್ತಿತ್ತು, ಹಿಂದಿ ಅಂದರೆ ಹೂಂ ಇಲ್ಲ, ಹಾಂ ಇಲ್ಲ. ಅದಕ್ಕೆ ಥೇಟರಿನವರು ಒಬ್ಬ ಅರ್ಥ ಹೇಳುವವನನ್ನು ಇಟ್ಟಿದ್ದರು. ತಗಡಿನ ಭೋಂಗಾ ಹಿಡಿದು ಪರದೆಯ ಪಕ್ಕ ನಿಂತು ಅವನು ಮಾತಿಗೆ ಮಾತು ಕನ್ನಡದಲ್ಲಿ ಕೂಗಬೇಕು. ಪ್ರಾಯದಲ್ಲಿ ಐದಾರು ವರ್ಷ ಮುಂಬೈಯ ಗಿರಣಿಯಲ್ಲಿ ದುಡಿದು ಬಂದಿದ್ದ ನಮ್ಮ ಕಾಕಾನೇ ಆ ಮನುಷ್ಯ.

ಮೊದಲ ಸಲ ಅವನನ್ನು ಅಲ್ಲಿ ಕಂಡಾಗ ಇವನು ಬೇರೆ ಯಾರೋ ಅನ್ನಿಸಿತು. ಭೋಂಗಾ ಬಾಯಿಗೆ ಹೋದದ್ದೇ ತಡ, "ಕಳ್ಳ ಏನಂತಾನಂದ್ರ" ಎಂದು ಸುರುವಾದರೆ ಷೆಡ್ಡಿನ ತಗಡು ನಡುಗಬೇಕು. ನಾಯಕಿಯ ಮಾತಿಗೆ ಸಣ್ಣ ದನಿ, ಪೊಲೀಸ ಫೌಜದಾರನ ಮಾತಿಗೆ ಗಡಸು ದನಿ, ಕ್ಲಬ್ಬಿನಲ್ಲಿ ಕುಣಿಯುವವಳ ಮಾತು ಬಂದರೆ ಮಾತ್ರ ಹೆಂಗಸರ ಕಡೆ ನೋಡಿ, "ಇಕಿ ಏನೋ ಅಂತಾಳ, ಅದು ನಮಗ ಬ್ಯಾಡ" ಎಂದು ದಾಟಿಸುತ್ತಿದ್ದ.

ನಮ್ಮ ಮಂದಿ ಸಿನಿಮಾ ನೋಡುವ ರೀತಿಯೇ ಬೇರೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬುದನ್ನು ಅವರು ಬಟ್ಟೆ ನೋಡಿ ಹೇಳುತ್ತಿದ್ದರು. ಮಿಲ್ಲಿನ ನುಣುಪು ಬಟ್ಟೆಯ ಕೋಟು ಹಾಕಿದವನು ಬಂದನೆಂದರೆ, ಅವನು ಬಾಯಿ ತೆರೆಯುವ ಮೊದಲೇ, "ಇವನ ನೋಡ ಖೂನಿ ಮಾಡಾಂವ" ಎಂದು ಹಿಂದಿನಿಂದ ತೀರ್ಪು ಬರುತ್ತಿತ್ತು. ಹತ್ತರಲ್ಲಿ ಎಂಟು ಸಲ ಅದು ಖರೆಯೂ ಆಗುತ್ತಿತ್ತು. ಕೈಮಗ್ಗದ ಧೋತರ ಉಟ್ಟವನು ಏನು ಕದ್ದರೂ ಮಾಫಿ. ಗಲಗಲಿಯಿಂದ ಉಳ್ಳಾಗಡ್ಡಿ ಮಾರಲು ಬಂದಿದ್ದ ಒಬ್ಬ ರೈತ ಒಮ್ಮೆ ಎದ್ದು ನಿಂತು, ಪರದೆಯ ಮೇಲಿನ ಕಳ್ಳನಿಗೆ, "ಹಿಂದ ಪೊಲೀಸ ಬಂದಾನ ನೋಡಪಾ" ಎಂದು ಕಳಕಳಿಯಿಂದ ಹೇಳಿದ. ಕಳ್ಳ ಅದೇ ಹೊತ್ತಿಗೆ ತಿರುಗಿ ನೋಡಿ ಓಡಿದ. ಆ ರೈತ ಉಳಿದ ಆಟವನ್ನೆಲ್ಲ ಬಲು ಸಮಾಧಾನದಿಂದ ನೋಡಿದ. ದಾರೂಬಂದಿಯ ಕಾಲವದು. ನಮ್ಮೂರ ಪೊಲೀಸರಿಗಿದ್ದ ದೊಡ್ಡ ಕೆಲಸವೆಂದರೆ ಹಿತ್ತಿಲುಗಳಲ್ಲಿ ಹೂತಿಟ್ಟ ಕಳ್ಳಭಟ್ಟಿಯ ಗಡಿಗೆ ಒಡೆಯುವುದು. ಆದ್ದರಿಂದ ಗಂಡಸರ ಕಡೆಯಿಂದ ಕಳ್ಳರಿಗೆ ಸಿಗುತ್ತಿದ್ದ ಸಹಾನುಭೂತಿಗೆ ಬೇರೆ ಕಾರಣಗಳೂ ಇದ್ದವು.

ಅವನ ಮನೆಗೆ ಹೋದ ತಿಂಗಳಲ್ಲೇ ಬಂದ ಒಂದು ಚಿತ್ರ ನನ್ನ ಜೀವಕ್ಕೆ ಹತ್ತಿತು. ಒಬ್ಬ ಕಳ್ಳ ಸ್ಟೇಷನ್ನಿನಲ್ಲಿ ಒಂದು ಗಂಟು ಕದಿಯುತ್ತಾನೆ. ಬಿಚ್ಚಿ ನೋಡಿದರೆ ಒಳಗೆ ಹೆಣ್ಣುಕೂಸು. ಬಯ್ಯುತ್ತಲೇ ಹಾಲು ಕುಡಿಸುತ್ತಾನೆ, ಬಯ್ಯುತ್ತಲೇ ಜಡೆ ಹಾಕುತ್ತಾನೆ. ಕೂಸು ಬೆಳೆದು ನನ್ನಷ್ಟಾದ ಮೇಲೆ ಅದರ ಬಳಗದವರು ಫೌಜದಾರನನ್ನು ಕರೆದುಕೊಂಡು ಬರುತ್ತಾರೆ. "ಯಾರದೀ ಕೂಸು?" ಎಂದು ಫೌಜದಾರ ಕೇಳುತ್ತಾನೆ. ಕಳ್ಳ ಗೋಡೆಯ ಕಡೆ ಮುಖ ಮಾಡಿ ನಿಂತು, ತುಟಿ ಒಂದಿಷ್ಟು ಅಲ್ಲಾಡಿಸಿದ. ಭೋಂಗಾ ಗುಡುಗಿತು. "ಕಳ್ಳ ಏನಂತಾನಂದ್ರ, ಹೆತ್ತವರು ಯಾರರ ಇರ್ಲಿ ಸಾಹೇಬರ, ಇಕಿ ಬಿದ್ದಾಗ ಎತ್ತಿದಾಂವ ನಾ, ಅತ್ತಾಗ ಮೂಗ ಒರಸಿದಾಂವ ನಾ. ಕೂಸು ನಂದು. ನನ್ನ ಜೈಲಿಗೆ ಹಾಕ್ರಿ, ಆದ್ರ ಇದು ನಂದಲ್ಲ ಅಂತ ನನ್ನ ಬಾಯಿಲೆ ಬರೂದಿಲ್ಲ."

ಹೆಂಗಸರ ಕಡೆ ಒಬ್ಬರಾದರೂ ಒಣಗಿದ ಕಣ್ಣಿನವರಿರಲಿಲ್ಲ. ಕಳ್ಳ ತುಟಿ ಅಲ್ಲಾಡಿಸಿದ್ದು ಎರಡೇ ಮಾತಿನಷ್ಟು, ಅರ್ಥ ಬಂದದ್ದು ಇಪ್ಪತ್ತು ಮಾತಿನಷ್ಟು. ನನ್ನ ಪಕ್ಕದಲ್ಲಿ ಕೂತ ಮುದುಕಿಗೆ ಅದನ್ನು ಹೇಳಿದರೆ, "ಹಿಂದಿ ಅಂದ್ರ ಹಸಿ ಮೆಣಸಿನಕಾಯಿ ಇದ್ದಂಗ, ಎರಡ ಸಾಕು" ಎಂದಳು. ನನಗೂ ಅದು ಸರಿ ಕಂಡಿತು. ಆ ಮೇಲೆ ಕತ್ತಲೆಯಲ್ಲಿ ಕಳ್ಳ ಒಬ್ಬನೇ ನಡೆದು ಹೋಗುತ್ತಾನೆ, ಕೂಸು ಬಳಗದವರ ಗಾಡಿ ಹತ್ತುತ್ತದೆ. ಫೌಜದಾರನೇ ಮೋಸ ಮಾಡಿದನೆಂದು ನಾವೆಲ್ಲ ಅವನನ್ನು ಬಯ್ದುಕೊಂಡು ಮನೆಗೆ ಬಂದೆವು.

ಅಂದಿನಿಂದ ಮುಂಬೈಯ ಕಳ್ಳರ ಮೇಲೆ ನನಗೆ ಅಪಾರ ಗೌರವ. ಸಾಲೆಯಲ್ಲಿ ಮಾಸ್ತರರು ನಮ್ಮ ರಾಜ್ಯದ ರಾಜಧಾನಿ ಮುಂಬೈ, ಅದು ಯಾವುದಕ್ಕೆ ಹೆಸರಾಗಿದೆ ಎಂದು ಕೇಳಿದಾಗ ನಾನು ಮೊದಲು ಕೈ ಎತ್ತಿ, "ಛಲೋ ಕಳ್ಳರಿಗೆ ರೀ" ಎಂದೆ. ಬಂದರು, ಗಿರಣಿ ಎಂದು ಹೇಳಿದವರಿಗೆ ಶಾಬಾಸಕಿ ಸಿಕ್ಕಿತು, ನನಗೆ ಛಡಿ ಸಿಕ್ಕಿತು.

ಎರಡು ವರ್ಷ ಹೀಗೇ ಹೋದವು. ನಾಲ್ಕನೆಯ ಇಯತ್ತೆಯ ಪರೀಕ್ಷೆ ಬಂತು. ನಪಾಸಾಗಬೇಕೆಂದು ಕೂತವಳಿಗೆ ಬರೆಯದೆ ಇರಲು ಆಗಲಿಲ್ಲ, ಲೆಕ್ಕಗಳೆಲ್ಲ ಗೊತ್ತಿದ್ದವು. ನನ್ನ ಜಾಣತನಕ್ಕೆ ನಾನೇ ಮರುಗಿದ್ದು ಅದೊಂದೇ ಸಲ. ಮುಂದಿನ ವಾರ ಬರುತ್ತೇನೆಂದು ದೊಡ್ಡಪ್ಪ ತೇರದಾಳದಿಂದ ಹೇಳಿ ಕಳಿಸಿದ. ಅವ್ವ ನನ್ನ ಅಂಗಿಗಳನ್ನು ಒಗೆದು ಮಡಿಚುತ್ತ, ಬಿಚ್ಚುತ್ತ, ಮತ್ತೆ ಮಡಿಚುತ್ತ ಕೂತಳು. ಕಾಕಾನ ಲಾಳಿ ತನ್ನ ಪಾಡಿಗೆ ಓಡುತ್ತಿತ್ತು.

ನಡುವೆ ಅಮಾವಾಸ್ಯೆ ಬಂತು. ಅದೇ ಗಂಟಿನ ಕೂಸಿನ ಚಿತ್ರ ಮತ್ತೆ ಬಂದಿತ್ತು. ಕಾಕಾನಿಗೆ ಗಂಟಲು ಬಾತು ದನಿಯೇ ಹೊರಡುತ್ತಿರಲಿಲ್ಲ, ಕೊರಳಿಗೆ ಬಟ್ಟೆ ಸುತ್ತಿಕೊಂಡು ಮನೆಯಲ್ಲಿ ಮಲಗಿದ್ದ. ಭೋಂಗಾ ಹಿಡಿದವನು ದರ್ಜಿ ತುಕಾರಾಮ. ಅವನೂ ಮುಂಬೈ ಕಂಡವನೇ. ನಾನು ಮುಂದೆ ಹೋಗಿ ಕೂತೆ. ಎರಡು ವರ್ಷ ಮೆಲುಕು ಹಾಕಿ ಒಂದೊಂದು ಮಾತೂ ನನಗೆ ಬಾಯಿಪಾಠವಾಗಿತ್ತು. ಫೌಜದಾರ ಬಂದ, ಯಾರದೀ ಕೂಸು ಎಂದು ಕೇಳಿದ. ಕಳ್ಳ ಗೋಡೆಯ ಕಡೆ ತಿರುಗಿದ.

"ಕಳ್ಳ ಅಂತಾನ, ನಂದಲ್ಲ, ಒಯ್ರಿ" ಎಂದ ತುಕಾರಾಮ.

ನಾನು ಎದ್ದು ನಿಂತು, ಸುಳ್ಳು ಹೇಳುತ್ತೀರಿ ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ, ಓಣಿಯವರು ಮುಂದೆ ಎಷ್ಟೋ ವರ್ಷ ಅದನ್ನು ಹೇಳಿ ನಕ್ಕರು. ತುಕಾರಾಮ ಭೋಂಗಾ ಕೆಳಗಿಳಿಸಿ, "ಪರದೇದ ಮ್ಯಾಲ ಅವ ಅಂದಿದ್ದನ್ನ ಹೇಳೇನಿ ತಂಗಿ. ನಮ್ಮ ಮನಿಂದ ಏನೂ ತಂದಿಲ್ಲ" ಎಂದ. ಹಿಂದಿನಿಂದ ಅದೇ ಮುದುಕಿ, "ಈ ದರ್ಜಿ ಕಳ್ಳನ್ನ ಕೆಡಿಸಿಬಿಟ್ಟ. ಸಂಗಪ್ಪನ್ನ ಕರೀರಿ" ಎಂದು ಗಲಾಟೆ ತೆಗೆದಳು. ನಾನು ಉಳಿದ ಆಟ ನೋಡಲಿಲ್ಲ. ಬಿಸಿಲಿನಲ್ಲಿ ಬರಿಗಾಲಲ್ಲಿ ಮನೆಗೆ ಓಡಿದೆ.

ಕಾಕಾ ಪಡಸಾಲೆಯಲ್ಲಿ ಶುಂಠಿ ಕಷಾಯದ ಬಟ್ಟಲು ಹಿಡಿದು ಕೂತಿದ್ದ.

"ಆ ಕಳ್ಳ ಹಂಗ ಅಂದಿಲ್ಲಂತ. ನಂದಲ್ಲ ಒಯ್ರಿ ಅಂದಾನಂತ. ಖರೆ ಏನ್ರಿ?"

ಅವನು ಬಟ್ಟಲಲ್ಲೇ ನೋಡುತ್ತ, ಗಾಳಿಯಂಥ ದನಿಯಲ್ಲಿ, "ಖರೆ" ಎಂದ.

"ಮತ್ತ ನೀವ್ಯಾಕ ಹಂಗ ಹೇಳಿದ್ರಿ?"

ಕಷಾಯದ ಕಡೆಯ ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ. ಆಮೇಲೆ ಹೇಳಿದ. "ಆಗ ನೀ ಈ ಮನಿಗೆ ಬಂದು ತಿಂಗಳ ಆಗಿದ್ದಿಲ್ಲ. ಮುಂದ ಕುಂತ ಕೇಳಾಕತ್ತಿದ್ದಿ. ನಾ ಹೆಂಗ ಹೇಳ್ಲಿ?"

ನನಗೆ ಆಗ ಒಂಬತ್ತು ದಾಟಿತ್ತು. ಇಂಥ ಮಾತು ತಿಳಿಯುವ ವಯಸ್ಸಲ್ಲ ಎನ್ನುತ್ತಾರೆ, ಆದರೆ ನನಗೆ ತಿಳಿಯಿತು. ಎರಡು ವರ್ಷ ಭೋಂಗಾದಲ್ಲಿ ಕೇಳಿದ ಒಳ್ಳೆಯ ಮನುಷ್ಯರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದೆ. ಕುರುಡು ಹುಡುಗಿಗೆ ಚಪ್ಪಲಿ ಕೊಡಿಸಿದ ಜೇಬುಗಳ್ಳ, ಕೈದಿಯ ಮಗಳಿಗೆ ಕತೆ ಹೇಳಿದ ಜೈಲರ, ಅವರೆಲ್ಲ ನಿಜಕ್ಕೂ ಏನೆಂದಿದ್ದರೋ ದೇವರಿಗೇ ಗೊತ್ತು. ನನಗೆ ಸಿಟ್ಟು ಬರಲಿಲ್ಲ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಹಿತ್ತಿಲಿಗೆ ಹೋಗಿ, ಯಾರೂ ಕೇಳದಿದ್ದರೂ ಒಂದು ಬುಟ್ಟಿ ಕಂಡಿಕೆ ಸುತ್ತಿದೆ.

ನಾಲ್ಕು ದಿನಕ್ಕೆ ದೊಡ್ಡಪ್ಪ ಬಸ್ಸಿಳಿದು ಬಂದ. ಕಾಕಾನ ಗಂಟಲು ಅಷ್ಟರಲ್ಲಿ ನೆಟ್ಟಗಾಗಿತ್ತು, ಸುಮ್ಮನಿರಲು ಅವನಿಗೆ ಆ ನೆಪವೂ ಉಳಿದಿರಲಿಲ್ಲ. ದೊಡ್ಡಪ್ಪ ಕೆಟ್ಟವನೆಂದು ಬರೆದರೆ ನನ್ನ ಕತೆಗೆ ಅನುಕೂಲ, ಆದರೆ ಅವನು ಕೆಟ್ಟವನಲ್ಲ. ನನಗೆ ಬಳೆ ತಂದಿದ್ದ, ಅವ್ವನಿಗೆ ಅರಿಶಿಣದ ಗಂಟು ತಂದಿದ್ದ. ಚಹಾ ಕುಡಿದು ಬಟ್ಟಲು ಕೆಳಗಿಟ್ಟು, "ನಮ್ಮ ಶಿವಪ್ಪಂದು ಅಂತ ಭೂಮಿ ಮ್ಯಾಲ ಉಳದದ್ದು ಇದೊಂದ. ನಮ್ಮವ್ವಗ ಕಣ್ಣ ಮುಚ್ಚೂದರಾಗ ಮೊಮ್ಮಗಳು ಮನ್ಯಾಗ ಓಡ್ಯಾಡೂದು ನೋಡಬೇಕಾಗೇತಿ" ಎಂದ. ಅದು ಸುಳ್ಳಲ್ಲ ಎಂಬುದು ಅವನ ಕಣ್ಣಲ್ಲೇ ಕಾಣುತ್ತಿತ್ತು. ಅವ್ವ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಉಡಿಕಿಯಾಗಿ ಬಂದವಳಿಗೆ ಆ ಮಾತಿನಲ್ಲಿ ಬಾಯಿ ಇರಲಿಲ್ಲ.

ದೊಡ್ಡಪ್ಪ ರೂಢಿಯಂತೆ ಮನೆಯ ಗಂಡಸನ್ನು ಕೇಳಿದ. "ಏನ ಸಂಗಪ್ಪಾ, ನೀ ಏನಂತಿ?"

ಕಾಕಾ ಮಗ್ಗದ ಕುಣಿಯಿಂದ ಎದ್ದು ನಿಂತಿದ್ದ. ಇಡೀ ಥೇಟರಿನ ಮಂದಿಯ ಮುಂದೆ ತಗಡು ನಡುಗಿಸುವವನಿಗೆ ಮೂವರ ಮುಂದೆ ಬಾಯಿ ಬರಲಿಲ್ಲ. ಗೋಡೆಯ ಕಡೆ ತಿರುಗಿದ. ತುಟಿ ಒಂದಿಷ್ಟು ಅಲ್ಲಾಡಿತು. ದನಿಯಿಲ್ಲ. ನಾನು ಹೆದರಿದೆ. ಈಗ ಯಾರಾದರೂ ಹೇಳದಿದ್ದರೆ ಇದರ ಅರ್ಥ ತುಕಾರಾಮ ಹೇಳಿದಂತೆಯೇ ಆಗಿಬಿಡುತ್ತದೆ.

ಭೋಂಗಾ ಇರಲಿಲ್ಲ. ಎರಡೂ ಅಂಗೈಯನ್ನು ಬಾಯಿಯ ಸುತ್ತ ಹಿಡಿದೆ. "ಅಪ್ಪ ಏನಂತಾನಂದ್ರ, ಕೂಸು ನಂದು, ಕೊಡೂದಿಲ್ಲ ಅಂತಾನ."

ಒಲೆಯ ಮುಂದೆ ಬಳೆಯ ಸಪ್ಪಳ ನಿಂತಿತು. ದೊಡ್ಡಪ್ಪ ನನ್ನನ್ನು ನೋಡಿದ, ಅವನನ್ನು ನೋಡಿದ. "ಹುಡಿಗಿ ಹೇಳಿದ್ದು ಖರೆ ಏನು?" ಎಂದ. ಅವನು ತಲೆ ಆಡಿಸಿದ. "ತಲಿ ಆಡಿಸಬ್ಯಾಡ. ಬಾಯಿಲೆ ಹೇಳು. ನಾ ಮನ್ಯಾಗ ಮುದುಕಿಗೆ ಹೋಗಿ ಹೇಳಬೇಕು."

"ಖರೆ ಐತ್ರಿ" ಎಂದ. ಗೋಡೆಯಿಂದ ಈ ಕಡೆ ತಿರುಗಿ, "ನಂದು" ಎಂದ. ಅಷ್ಟೇ. ಮೆಣಸಿನಕಾಯಿ ಎರಡೇ.

ದೊಡ್ಡಪ್ಪ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಿರಿಯರನ್ನು ಕೂಡಿಸಿದ್ದರೆ ಗೆಲ್ಲುತ್ತಿದ್ದ, ಅದು ಎಲ್ಲರಿಗೂ ಗೊತ್ತಿತ್ತು. ಕೂಡಿಸಲಿಲ್ಲ. ಏಳುವಾಗ ಹೇಳಿದ. "ಸಾಲ್ಯಾಗ ಅಕಿ ಹೆಸರಿನ ಮುಂದ ನನ್ನ ತಮ್ಮನ ಹೆಸರ ಐತಿ. ಅದನ್ನ ಮಾತ್ರ ಅಳಸಬ್ಯಾಡ. ಸೂಟಿಗೆ ಮುದುಕಿ ಕಡೆ ಕಳಸು."

"ಅಳಸೂದಿಲ್ರಿ. ಕಳಸ್ತೇನ್ರಿ" ಎಂದ ಅಪ್ಪ. ದೊಡ್ಡಪ್ಪನ ಚೀಲ ಹೊತ್ತುಕೊಂಡು ಬಸ್ಸಿನವರೆಗೆ ಹೋದ.

ಆ ಮಾತನ್ನು ಅವನು ಉಳಿಸಿಕೊಂಡ. ಸಾಲೆಗೆ ರಜೆ ಬಂದಾಗಲೆಲ್ಲ ನನ್ನನ್ನು ತೇರದಾಳಕ್ಕೆ ಬಿಟ್ಟು ಬರುತ್ತಿದ್ದ, ಸೂಟಿ ಮುಗಿಯುವ ಎರಡು ದಿನ ಮೊದಲೇ ಕರೆಯಲು ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಮುಂದೆ ನನ್ನ ಲಗ್ನ ಗೊತ್ತಾಯಿತು. ಜಮಖಂಡಿಗೆ ಹೋಗಿ ಲಗ್ನಪತ್ರಿಕೆ ಅಚ್ಚು ಹಾಕಿಸಿಕೊಂಡು ಬಂದವನೂ ಅವನೇ. ನಾನು ಓದಿದೆ. ದಿವಂಗತ ಶಿವಪ್ಪ ಇವರ ಮಗಳು ಎಂದಿತ್ತು. ಕೆಳಗೆ ದೊಡ್ಡಪ್ಪನ ಹೆಸರಿತ್ತು, ಸೋದರಮಾವಂದಿರ ಹೆಸರಿತ್ತು, ಹಿರಿಯರಾದ ದೈವದವರ ಹೆಸರಿತ್ತು. ತಿರುಗಿಸಿ ಹಿಂದೆಯೂ ನೋಡಿದೆ.

"ಅಪ್ಪಾ, ಇದರಾಗ ನಿನ್ನ ಹೆಸರ ಎಲ್ಲೂ ಇಲ್ಲಲ್ಲ" ಎಂದೆ.

ಅವನು ಲಾಳಿಗೆ ನೂಲು ಹಾಕುತ್ತಿದ್ದ. ತಲೆ ಎತ್ತಲಿಲ್ಲ.

"ನನ್ನ ಹೆಸರ ಯಾಕ ಬೇಕವ್ವಾ" ಎಂದ. "ಬಂದವರನ್ನ ಕರಕೊಳ್ಳಾಕ ನಾ ಬಾಗಲದಾಗ ನಿಂತಿರ್ತೇನಲ್ಲ."